ಅಧಿಕಾರವಿಲ್ಲದ ಅಧ್ಯಕ್ಷರ ಅಡುಗೆಮನೆ

ನಾನು ಅಮೆರಿಕ ನೋಡಬೇಕೆಂದು ಹೋದವಳಲ್ಲ. ಒಬ್ಬರಿಗೆ ಥ್ಯಾಂಕ್ಸ್ ಹೇಳಿ ಬರಬೇಕಿತ್ತು, ಅದಕ್ಕೆ ಹೋದೆ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಅಲ್ಲಿಯವರೆಗೆ ಬಹುದೂರದ ಊರೆಂದರೆ ಮದರಾಸು. ಅದನ್ನೂ ನೋಡಿದ್ದು ವೀಸಾಕ್ಕಾಗಿಯೇ.

ನನ್ನ ಯಜಮಾನರು ಇಕ್ಬಾಲ್, ಅಮೆರಿಕದ ಕಂಪನಿಯೊಂದರ ಸರಕು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದರು. ನಡುಗಡಲಲ್ಲಿ ಎಂಜಿನ್ ಕೆಟ್ಟು, ಹಡಗು ಅಮೆರಿಕದೊಡನೆ ಹಗೆ ಕಟ್ಟಿಕೊಂಡಿದ್ದ ದೇಶವೊಂದರ ಬಂದರು ಸೇರಿತು. ಅಲ್ಲಿನ ಸರ್ಕಾರ ಹಡಗಿನವರ ಮೇಲೆ ಗೂಢಚಾರಿಕೆಯ ಆರೋಪ ಹೊರಿಸಿ ಹನ್ನೊಂದು ಮಂದಿಯನ್ನೂ ಜೈಲಿಗೆ ಹಾಕಿತು. ಹದಿನಾಲ್ಕು ತಿಂಗಳು ನಮ್ಮ ಸರ್ಕಾರ ಪತ್ರ ಬರೆಯಿತು, ಅವರು ‘ಇದು ನಮಗೂ ಅಮೆರಿಕಕ್ಕೂ ಇರುವ ವಿಷಯ’ ಎಂದರು. ಅಮೆರಿಕದವರಿಗಾದರೋ ಆ ದೇಶದೊಡನೆ ಮಾತೇ ಇರಲಿಲ್ಲ. ಕೊನೆಗೆ ಹೋಗಿ ಮಾತಾಡಿದ್ದು, ಯಾವ ಸರ್ಕಾರವೂ ಕಳಿಸದ ಒಬ್ಬ ಮುದುಕರು. ಮಧ್ಯ ಅಮೆರಿಕದ ಪುಟ್ಟ ದೇಶವೊಂದರ ಮಾಜಿ ಅಧ್ಯಕ್ಷರು. ಈಗ ಉತ್ತರ ಕೆರೊಲಿನಾದ ರಾಲಿಯಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತಿದ್ದವರು. ಅವರನ್ನು ಎಲ್ಲರೂ ಡಾನ್ ಅನ್ಸೆಲ್ಮೊ ಎನ್ನುತ್ತಾರೆ. ಅವರ ಭಾಷೆಯಲ್ಲಿ ‘ಡಾನ್’ ಎಂದರೆ ನಮ್ಮ ‘ಯಜಮಾನರೇ’ ಇದ್ದ ಹಾಗೆ. ಸಿನಿಮಾದ ಡಾನ್ ಅಲ್ಲ.

ಅವರು ಹತ್ತು ಮಂದಿಯನ್ನು ಬಿಡಿಸಿಕೊಂಡು ಬಂದರು. ಒಬ್ಬರು ಉಳಿದರು. ಬೆಂಗಳೂರಿನ ವಾಸುದೇವ, ಹಡಗಿನ ರೇಡಿಯೋ ಆಫೀಸರ್. ರೇಡಿಯೋ ಇಟ್ಟುಕೊಂಡವನೇ ಗೂಢಚಾರ ಎಂದು ಅಲ್ಲಿನ ಸರ್ಕಾರದ ಹಟ.

ಹೀಗೆ ಖಾಸಗಿಯಾಗಿ ಸಂಧಾನ ಮಾಡುವ ಮಾಜಿ ನಾಯಕರಿಗೆ ಅಟ್ಲಾಂಟಾದಲ್ಲಿ ಒಂದು ಸಭೆ ಏರ್ಪಾಡಾಗಿತ್ತು. ಬಿಡುಗಡೆಯಾದವರ ಕಡೆಯಿಂದ ಒಬ್ಬರು ಮಾತಾಡಬೇಕೆಂದು ಕರೆ ಬಂತು. ಇಕ್ಬಾಲರ ವೀಸಾ ಅರ್ಜಿ, ಆ ದೇಶದ ಜೈಲಿನಲ್ಲಿದ್ದವರೆಂಬ ಕಾರಣಕ್ಕೆ, ವಿಚಾರಣೆಯಲ್ಲೇ ಕೂತಿತು. ವಾಸುದೇವರ ಹೆಂಡತಿ ಗಿರಿಜಾಗೆ ಇಲ್ಲವೆಂದೇಬಿಟ್ಟರು. ನನಗೆ ಕೊಟ್ಟರು. ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತಿದ್ದೆವು ನಾವಿಬ್ಬರೂ.

ವಾಪಸು ರೈಲಿನಲ್ಲಿ ಗಿರಿಜಾ ಒಂದು ಕಾಗದ ಬರೆದು ನನ್ನ ಕೈಗಿಟ್ಟರು. “ಸಭೇಲಿ ಎಲ್ಲರ ಮುಂದೆ ಓದ್ಬೇಕು ರಜಿಯಾ. ಪೇಪರಿನವರು ಇರ್ತಾರೆ. ಒಂದಕ್ಷರ ಬಿಡಬೇಡಿ” ಎಂದರು. ಓದುತ್ತೇನೆ ಎಂದು ಮಾತು ಕೊಟ್ಟೆ.

ಜರ್ಮನ್‌ಟೌನ್

ವಾಷಿಂಗ್‌ಟನ್ನಿನ ವಿಮಾನ ನಿಲ್ದಾಣಕ್ಕೆ ಶಶಿಕಲಾ ಬಂದಿದ್ದಳು. ಹತ್ತನೇ ತರಗತಿಯಲ್ಲಿ ನನ್ನ ಶಿಷ್ಯೆ, ಈಗ ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿದ್ದುಕೊಂಡು ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ನನ್ನನ್ನು ಕಂಡೊಡನೆ “ಮಿಸ್, ನೀವು ಏನೂ ಚೇಂಜ್ ಆಗಿಲ್ಲ” ಎಂದು ಕಾಲಿಗೆರಗಲು ಬಂದಳು. ಅವಳ ಎಂಟು ವರ್ಷದ ಮಗಳು ಅನಘಾ ಅಮ್ಮನಿಗೇನಾಯಿತೋ ಎಂದು ಗಾಬರಿಯಾಗಿ ನೋಡಿದಳು.

ಆ ಹುಡುಗಿ ನನಗೆ ದೊಡ್ಡ ಉಪಕಾರ ಮಾಡಿದಳು. ಮೈಸೂರಿನಲ್ಲಿ ನಮಾಜಿಗೆ ಪಡುವಣಕ್ಕೆ ಮುಖ ಮಾಡಿದವಳು ನಾನು; ಇಲ್ಲಿ ಮೂಡಣಕ್ಕಿರಬೇಕು ಎಂದುಕೊಂಡಿದ್ದೆ. ಅನಘಾ ಶಾಲೆಯ ಗ್ಲೋಬು ತಂದು, ಮೆಕ್ಕಾಕ್ಕೂ ಜರ್ಮನ್‌ಟೌನಿಗೂ ನಡುವೆ ದಾರ ಎಳೆದು ಹಿಡಿದು, “ಆಂಟಿ, ನಾರ್ತ್ ಈಸ್ಟ್. ಈ ಕಡೆ ಮಾಡಿ” ಎಂದಳು. ಫ್ರಿಜ್ಜಿನ ಪಕ್ಕದ ಮೂಲೆ. ನಾಲ್ಕು ದಿನ ಅಲ್ಲೇ ನನ್ನ ನಮಾಜು ನಡೆಯಿತು. ಆ ಹೊತ್ತಿಗೆ ಯಾರೂ ಫ್ರಿಜ್ಜಿನ ಬಾಗಿಲು ತೆಗೆಯಬಾರದೆಂದು ಅವಳೇ ಚೀಟಿ ಅಂಟಿಸಿದ್ದಳು.

ಎರಡನೇ ದಿನ ಒಬ್ಬಳೇ ಬಸ್ ಹತ್ತುವ ಧೈರ್ಯ ಮಾಡಿದೆ. ಕಿಟಕಿಯುದ್ದಕ್ಕೂ ಒಂದು ಹಗ್ಗವಿತ್ತು. ಹಿಡಿದು ನಿಲ್ಲಲಿಕ್ಕೇ ಇರಬೇಕೆಂದು ಗಟ್ಟಿಯಾಗಿ ಹಿಡಿದೆ. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಹೊರಟಿತು, ತಿರುವಿನಲ್ಲಿ ಮತ್ತೆ ಹಿಡಿದೆ, ಮತ್ತೆ ನಿಂತಿತು. ನಾಲ್ಕನೆಯ ಸಲ ಡ್ರೈವರ್ ಹೆಂಗಸು ಎದ್ದುಬಂದು, ಬಯ್ಯುತ್ತಾಳೆಂದು ನಾನು ಹೆದರಿದ್ದರೆ, ನನ್ನ ಕೈಯನ್ನು ಮೆಲ್ಲಗೆ ಆ ಗಂಟೆಯ ಹಗ್ಗದಿಂದ ಬಿಡಿಸಿ ಕಂಬಕ್ಕೆ ಹಿಡಿಸಿ ಹೋದಳು. ನಮ್ಮೂರಲ್ಲಾಗಿದ್ದರೆ ಕಂಡಕ್ಟರು ನನ್ನ ತವರಿನವರೆಗೂ ಹೋಗಿ ಬರುತ್ತಿದ್ದ.

ಅಂದು ಸಂಜೆ ಶಶಿ ಮನೆಗೆ ಪಕ್ಕದ ಮನೆಯ ವಾಲ್ಟರ್ ಎಂಬ ಹಿರಿಯರು ಊಟಕ್ಕೆ ಬಂದರು. ಮೂವತ್ತು ವರ್ಷ ಬೇರೆ ಬೇರೆ ದೇಶಗಳ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಕಥೆ ಕೇಳಿ, ನಿಮ್ಮ ಯಜಮಾನರು ಬಂದದ್ದು ತುಂಬ ಸಂತೋಷ ಎಂದರು. ಆಮೇಲೆ ಬಿಸಿಬೇಳೆ ಬಾತಿನ ತಟ್ಟೆಯಲ್ಲಿ ಚಮಚ ಆಡಿಸುತ್ತ, “ಆದರೂ ಈ ಮಾಜಿ ಅಧ್ಯಕ್ಷರುಗಳು ಹೀಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ” ಎಂದರು.

ನಾನು ಏಕೆಂದು ಕೇಳಿದೆ.

“ಅವರು ಅಲ್ಲಿ ಆ ಆಳುವವನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಜನರನ್ನು ಹಿಡಿದಿಟ್ಟರೆ ದೊಡ್ಡ ಮನುಷ್ಯರು ಮನೆಗೆ ಬರುತ್ತಾರೆ ಅಂತ ಅವನಿಗೆ ಗೊತ್ತಾಗುತ್ತದೆ. ನಾಳೆ ಇನ್ನೊಂದು ಹಡಗು ಹಿಡಿಯುತ್ತಾನೆ. ಅದೂ ಅಲ್ಲದೆ, ಹತ್ತು ಜನರನ್ನು ತಂದರು ಸರಿ. ಆ ಹನ್ನೊಂದನೆಯವನನ್ನು ಬಿಟ್ಟು ಬರಲು ಇವರಿಗೆ ಯಾರು ಅಧಿಕಾರ ಕೊಟ್ಟರು?”

ಶಶಿ ಮಾತು ತಿರುಗಿಸಲು, “ವಾಲ್ಟರ್ ಅಂಕಲ್, ಮೊಸರನ್ನ ಟ್ರೈ ಮಾಡಿ” ಎಂದಳು. ಅವರು ಕೆಟ್ಟ ಮನುಷ್ಯರಲ್ಲ. ಹೊರಡುವಾಗ ನನಗೆ ದಕ್ಷಿಣದ ರಸ್ತೆಗಳ ನಕ್ಷೆ ಕೊಟ್ಟು, ದಾರಿಯನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಹೋದರು. ಆದರೆ ಅವರ ಆ ಕೊನೆಯ ಪ್ರಶ್ನೆ ಮುಳ್ಳಿನ ಹಾಗೆ ನನ್ನೊಳಗೆ ಉಳಿಯಿತು. ಎಷ್ಟೋ ತಿಂಗಳಿಂದ ಅದು ನನ್ನದೇ ಪ್ರಶ್ನೆಯಾಗಿತ್ತು. ಇಕ್ಬಾಲರನ್ನು ಕೇಳಿದಾಗಲೆಲ್ಲ, “ಏನೋ ಆಯ್ತು ಬಿಡು” ಎಂದು ಎದ್ದು ಹೋಗುತ್ತಿದ್ದರು.

ರಾಲಿ

ಶಶಿ ರಜೆ ಹಾಕಿ ರಾಲಿಯವರೆಗೆ ಡ್ರೈವ್ ಮಾಡಿದಳು. ಐದು ಗಂಟೆಯ ದಾರಿಯಲ್ಲಿ ರಸ್ತೆಬದಿ ನಡೆಯುವ ಒಬ್ಬ ಮನುಷ್ಯನನ್ನೂ ನಾನು ಕಾಣಲಿಲ್ಲ. ವರ್ಜೀನಿಯಾ ದಾಟಿದ ಮೇಲೆ ಮಣ್ಣು ಕೆಂಪಾಯಿತು, ನಮ್ಮ ಕೋಲಾರದ ಕಡೆಯ ಕೆಂಪು. ಒಂದು ಅಂಗಡಿಯಲ್ಲಿ ಗಲ್ಲಾದಲ್ಲಿದ್ದ ಹೆಂಗಸು “ಹೇಗಿದ್ದೀರಿ, ಹನಿ?” ಎಂದಳು. ಅದಕ್ಕೆ ಉತ್ತರ ಬೇಕಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಮಂಡಿನೋವು, ನಿದ್ದೆ ಇಲ್ಲ, ಮಗ ಪರೀಕ್ಷೆಗೆ ಓದುತ್ತಿದ್ದಾನೆ ಎಂದೆಲ್ಲ ವಿವರವಾಗಿ ಹೇಳಿದೆ. ಹಿಂದೆ ಸಾಲು ಬೆಳೆಯಿತು. ಆಕೆ ಪೂರ್ತಿ ಕೇಳಿಸಿಕೊಂಡು, ಮಂಡಿಗೆ ತನ್ನ ತಾಯಿ ಹಚ್ಚುತ್ತಿದ್ದ ಎಣ್ಣೆಯ ಹೆಸರು ಬರೆದುಕೊಟ್ಟಳು. ಕಾರಿನಲ್ಲಿ ಶಶಿ ನಕ್ಕು ನಕ್ಕು, “ಮಿಸ್, ಹತ್ತು ವರ್ಷದಿಂದ ಇಲ್ಲಿದ್ದೀನಿ, ನನ್ನ ಮಂಡಿ ಬಗ್ಗೆ ಯಾರೂ ಕೇಳಿಲ್ಲ” ಎಂದಳು.

ಡಾನ್ ಅನ್ಸೆಲ್ಮೊ ಅವರ ಮನೆ ಕಾಲೇಜಿನ ಹತ್ತಿರದ ಒಂದು ಪುಟ್ಟ ಇಟ್ಟಿಗೆ ಮನೆ. ಕಾವಲಿನವರಿಲ್ಲ, ಬಾವುಟವಿಲ್ಲ. ಬಾಗಿಲು ತೆಗೆದವರು ಅವರೇ. ಕುಳ್ಳು, ಬೆಳ್ಳಿಕೂದಲು, ತೋಳು ಮಡಿಚಿದ ಅಂಗಿ, ಕೈಯಲ್ಲಿ ಸೋಪಿನ ನೊರೆ. ಪಾತ್ರೆ ತೊಳೆಯುತ್ತಿದ್ದರು. ಹೆಂಡತಿ ಲುಸಿಯಾ ನಮ್ಮನ್ನು ನೇರ ಅಡುಗೆಮನೆಗೇ ಕರೆದುಕೊಂಡು ಹೋಗಿ ಕೂರಿಸಿದರು. ಶಶಿ ಅನಘಾಗೆ ಶಾಲೆ ಇದೆಯೆಂದು ಅರ್ಧ ಗಂಟೆ ಕೂತು ಹಿಂದಿರುಗಿದಳು. ಅಟ್ಲಾಂಟಾಕ್ಕೆ ಮುಂದಿನ ಪಯಣ ಈ ದಂಪತಿಗಳ ಕಾರಿನಲ್ಲಿ.

ನಾನು ಮೈಸೂರಿನಿಂದ ಫಿಲ್ಟರ್ ಸಮೇತ ಕಾಫಿಪುಡಿ ತಂದಿದ್ದೆ. ಅವರು ಕಾಫಿ ಬೆಳೆಯುವ ದೇಶದವರೆಂದು ಗೊತ್ತಿದ್ದೂ ತಂದದ್ದು ನನ್ನ ಹುಂಬತನ. ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಕೊಟ್ಟೆ. ಒಂದು ಗುಟುಕು ಕುಡಿದು ಹುಬ್ಬೇರಿಸಿದರು.

“ಇದರಲ್ಲಿ ಬೇರೆ ಏನೋ ಇದೆ.”

“ಚಿಕೋರಿ” ಎಂದೆ.

“ನಮ್ಮಲ್ಲಿ ಕಾಫಿಗೆ ಬೇರೆ ಏನಾದರೂ ಬೆರೆಸುವವರನ್ನು ಹಿಡಿಯಲು ನಾನೇ ಕಾನೂನು ಮಾಡಿದ್ದೆ” ಎಂದರು ಬಹಳ ಗಂಭೀರವಾಗಿ. ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು.

ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಥ್ಯಾಂಕ್ಸಿನ ಮಾತುಗಳು ಅಲ್ಲಿ ಬಾಯಿಗೆ ಬರಲೇ ಇಲ್ಲ. “ನನ್ನ ಗಂಡ ಈಗ ಮನೆಯಲ್ಲಿದ್ದಾರೆ” ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಲುಸಿಯಾ ನನ್ನ ಬೆನ್ನು ಸವರಿದರು. ಡಾನ್ ಅನ್ಸೆಲ್ಮೊ ನನ್ನ ಮುಂದೆ ನೀರಿನ ಲೋಟ ಇಟ್ಟರು. ಸಮಾಧಾನವಾದ ಮೇಲೆ ನಾನು ವಾಲ್ಟರ್ ಹೇಳಿದ್ದನ್ನೆಲ್ಲ ಮುಚ್ಚಿಡದೆ ಹೇಳಿ, ಕೇಳಿದೆ: “ವಾಸುದೇವರನ್ನು ಯಾಕೆ ಬಿಟ್ಟು ಬಂದಿರಿ?”

“ನಿಮ್ಮ ಯಜಮಾನರು ಹೇಳಿಲ್ಲವೇ?”

“ಇಲ್ಲ.”

ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ಹೇಳಿದರು. ಅಲ್ಲಿಯ ಮಂತ್ರಿ ಕೊನೆಯ ದಿನ ಬೆಳಿಗ್ಗೆ, ಹತ್ತು ಜನರನ್ನು ಬಿಡುತ್ತೇವೆ, ರೇಡಿಯೋದವನನ್ನು ಬಿಡುವುದಿಲ್ಲ, ಬೇಡವಾದರೆ ಯಾರೂ ಇಲ್ಲ, ಮಧ್ಯಾಹ್ನದೊಳಗೆ ಹೇಳಿ ಎಂದನಂತೆ. “ಅದನ್ನು ನಾನೊಬ್ಬನೇ ತೀರ್ಮಾನಿಸುವ ಹಾಗಿರಲಿಲ್ಲ. ಜೈಲಿಗೆ ಹೋಗಿ ಹನ್ನೊಂದು ಜನರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಮಾತಾಡಲಿಲ್ಲ. ತುಂಬ ಹೊತ್ತು. ಆಮೇಲೆ ವಾಸುದೇವನೇ ಎದ್ದು ನಿಂತು, ಇವರನ್ನು ಕರೆದುಕೊಂಡು ಹೋಗಿ, ಇವರಲ್ಲಿ ಮೂವರಿಗೆ ಕಾಯಿಲೆ ಇದೆ ಅಂದ.”

“ನನ್ನ ಯಜಮಾನರು?”

“ಅವನ ಪಕ್ಕದಲ್ಲೇ ಕೂತಿದ್ದರು. ಅವರೂ ಮಾತಾಡಲಿಲ್ಲ, ಅಮ್ಮಾ. ಮಾತಾಡುವುದು ಸುಲಭವಿರಲಿಲ್ಲ.”

ಇಕ್ಬಾಲರು ಯಾಕೆ ಎದ್ದೆದ್ದು ಹೋಗುತ್ತಿದ್ದರೆಂದು ಆಗ ತಿಳಿಯಿತು. ಆ ಅಡುಗೆಮನೆಯಲ್ಲಿ ನನಗೆ ಅವರ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಎಂಟು ಸಾವಿರ ಮೈಲಿಯಾಚೆ ಮನೆಯಲ್ಲಿ ಅದನ್ನು ಒಬ್ಬರೇ ಹೊತ್ತುಕೊಂಡಿರುವ ಅವರ ಬಗ್ಗೆ ಮರುಕವೂ ಬಂತು.

“ನಿಮ್ಮ ಆ ವಾಲ್ಟರ್ ಹೇಳಿದ್ದು ಸುಳ್ಳಲ್ಲ” ಎಂದರು ಡಾನ್ ಅನ್ಸೆಲ್ಮೊ. “ಫೋಟೋ ತೆಗೆಸಿಕೊಂಡೆ. ನಮ್ಮ ದೇಶದ ಪೇಪರುಗಳು ಉಗಿದವು. ನಾನು ಅಧ್ಯಕ್ಷನಾಗಿದ್ದಿದ್ದರೆ ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ, ಹೋದರೂ ಒಳಗೆ ಬಿಡುತ್ತಿರಲಿಲ್ಲ. ಈಗ ನನ್ನ ಹತ್ತಿರ ಕೊಡಲಿಕ್ಕೂ ಏನಿಲ್ಲ, ಕಸಿದುಕೊಳ್ಳಲಿಕ್ಕೂ ಏನಿಲ್ಲ. ಒಮ್ಮೆ ಅಲ್ಲಿ ಭೂಕಂಪವಾದಾಗ ನಾವು ಕಂಬಳಿ ಕಳಿಸಿದ್ದೆವು. ಅದು ಆ ಮಂತ್ರಿಗೆ ನೆನಪಿತ್ತು. ಅಷ್ಟೇ ನನ್ನ ಬಂಡವಾಳ.”

ನಾನು ಗಿರಿಜಾ ಅವರ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಸಭೆಯಲ್ಲಿ ಓದುತ್ತೇನೆಂದು ಹೇಳಿದೆ. ಮೊದಲು ಕನ್ನಡದಲ್ಲಿ ಓದಿ ಎಂದರು, ಓದಿದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಗಿರಿಜಾ ಅದರಲ್ಲಿ ಬೈದಿರಲಿಲ್ಲ, ಗೋಗರೆದಿರಲಿಲ್ಲ. ‘ಮನೆಯ ಮುಂದಿನ ನಲ್ಲಿ ರಿಪೇರಿ ಮಾಡಿಸಿದ್ದೇನೆ. ಮಗಳು ಈಗ ನಿಮ್ಮ ಹೆಗಲಿನವರೆಗೆ ಬೆಳೆದಿದ್ದಾಳೆ. ನಿಮ್ಮ ತಾಯಿಗೆ ನೀವು ಹಡಗಿನಲ್ಲೇ ಇದ್ದೀರಿ ಅಂತ ಹೇಳಿಟ್ಟಿದ್ದೇನೆ, ಬಂದು ನೀವೂ ಹಾಗೇ ಹೇಳಬೇಕು.’ ಹೀಗೆ ಒಂದು ಪುಟ. ಕೇಳುವವರು ಸಭೆಯವರಾದರೂ ಅದು ಗಂಡನಿಗೇ ಬರೆದ ಕಾಗದ.

ಡಾನ್ ಅನ್ಸೆಲ್ಮೊ ಕನ್ನಡಕ ತೆಗೆದು ಒರೆಸಿದರು. “ಇದನ್ನು ಸಭೆಯಲ್ಲಿ ಓದಬೇಡಿ” ಎಂದರು. “ವಾಸುದೇವನ ಹೆಸರೇ ಎತ್ತಬೇಡಿ. ಪೇಪರಿನಲ್ಲಿ ಬಂದರೆ ಅವರು ಬಿಗಿಯಾಗುತ್ತಾರೆ. ಆಮೇಲೆ ಬಿಟ್ಟರೆ ಹೆದರಿ ಬಿಟ್ಟ ಹಾಗಾಗುತ್ತದಲ್ಲ. ಈ ಕಾಗದ ನನಗೆ ಕೊಡಿ. ನಾನು ತೆಗೆದುಕೊಂಡು ಹೋಗಿ ಅವನಿಗೆ ಕೊಡುತ್ತೇನೆ. ಸಂಧಾನಕ್ಕೆ ಬರುತ್ತೇನೆಂದರೆ ಅವರು ಬೇಡವೆನ್ನಬೇಕಾಗುತ್ತದೆ. ಹೆಂಡತಿಯ ಕಾಗದ ತಂದ ಮುದುಕನನ್ನು ಬೇಡವೆನ್ನುವುದು ಕಷ್ಟ.”

“ಬಿಡುತ್ತಾರೆಯೇ?”

“ಗೊತ್ತಿಲ್ಲ. ಹೋಗಲು ನನಗೊಂದು ನೆಪ ಸಿಗುತ್ತದೆ, ಅಷ್ಟೇ.”

ಕೊಟ್ಟ ಮಾತು ಒಂದು ಕಡೆ, ಈ ಮುದುಕರ ಮಾತು ಒಂದು ಕಡೆ. ಗಿರಿಜಾರನ್ನು ಕೇಳೋಣವೆಂದರೆ ಅವರ ಮನೆಯಲ್ಲಿ ಫೋನಿಲ್ಲ. ಇಡೀ ಸಂಜೆ ಯೋಚಿಸಿದೆ. ಮರುದಿನ ಬೆಳಿಗ್ಗೆ ಕಾಗದವನ್ನು ಅವರ ಕೈಗೆ ಕೊಟ್ಟೆ.

ದಾರಿಯಲ್ಲಿ, ದಕ್ಷಿಣ ಕೆರೊಲಿನಾ

ಡಾನ್ ಅನ್ಸೆಲ್ಮೊಗೆ ದೊಡ್ಡ ಹೆದ್ದಾರಿಗಳೆಂದರೆ ಭಯ. ಅವರ ಹಳೆಯ ಕಾರು ಒಳರಸ್ತೆಗಳಲ್ಲೇ, ಪೀಚ್ ತೋಟಗಳ ನಡುವೆ, ನಮ್ಮ ಜಟಕಾಗಾಡಿಯ ವೇಗದಲ್ಲಿ ಸಾಗಿತು. ಮಧ್ಯೆ ನಿಂತಲ್ಲಿ ಚಹಾ ಕೇಳಿದರೆ ಮಂಜುಗಡ್ಡೆ ಹಾಕಿದ ಪಾನಕದಂಥದ್ದು ಕೊಟ್ಟರು. ಬಿಸಿ ಮಾಡಿಕೊಡಿ ಎಂದು ನಾನು ಕೇಳಿದ್ದನ್ನು ಆ ಹುಡುಗಿ ಒಳಗೆ ಹೋಗಿ ಎಲ್ಲರಿಗೂ ಹೇಳಿದಳೆಂದು ಕಾಣುತ್ತದೆ; ಒಬ್ಬೊಬ್ಬರಾಗಿ ಬಂದು ನನ್ನನ್ನು ನೋಡಿ ಹೋದರು.

ಸ್ವಲ್ಪ ದೂರದಲ್ಲಿ ಪೊಲೀಸಿನವನೊಬ್ಬ ಕಾರು ನಿಲ್ಲಿಸಿದ. “ಸರ್, ನಿಮ್ಮ ಹಿಂದೆ ಎಷ್ಟು ಕಾರು ಸಾಲುಗಟ್ಟಿವೆ, ನೋಡಿದ್ದೀರಾ?” ನಾನು ತಿರುಗಿ ನೋಡಿದೆ. ಒಂದು ಮದುವೆ ದಿಬ್ಬಣಕ್ಕೆ ಸಾಕಾಗುವಷ್ಟಿದ್ದವು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ.

“ಪಾಠ ಹೇಳುತ್ತೇನೆ. ಮೊದಲು ಅಧ್ಯಕ್ಷನಾಗಿದ್ದೆ.”

“ಯಾವುದರ ಅಧ್ಯಕ್ಷರು?”

“ಒಂದು ದೇಶದ್ದು. ಚಿಕ್ಕದು.”

ಪೊಲೀಸಿನವನು ಬಗ್ಗಿ ಲುಸಿಯಾರನ್ನು ನೋಡಿದ, ಸೆರಗು ಹೊದ್ದ ನನ್ನನ್ನು ನೋಡಿದ. “ಹೌದಪ್ಪಾ, ನಿಜ” ಎಂದು ಲುಸಿಯಾ ನಿಟ್ಟುಸಿರು ಬಿಟ್ಟರು, “ಆಗ ಬೇರೆಯವರು ಕಾರು ಓಡಿಸುತ್ತಿದ್ದರು.” ಅವನು ನಗು ತಡೆಯಲಾರದೆ, ಬದಿಗೆ ನಿಂತು ಹಿಂದಿನವರನ್ನು ಬಿಟ್ಟು ಹೋಗಿ ಎಂದ. ಜನರನ್ನು ಜೈಲಿನಿಂದ ಬಿಡಿಸಿ ತಂದ ಆ ಮನುಷ್ಯ, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ಕೈಕಟ್ಟಿ ಕೂತು ಒಂದೊಂದೇ ಕಾರು ಮುಂದೆ ಹೋಗುವುದನ್ನು ನೋಡಿದರು.

ಅಟ್ಲಾಂಟಾ

ಸಭೆ ಮರಗಳ ನಡುವಿನ ಒಂದು ಸಭಾಂಗಣದಲ್ಲಿ. ಬೇರೆ ಬೇರೆ ದೇಶಗಳ ನಾಲ್ಕೈದು ಮಾಜಿ ಪ್ರಧಾನಿಗಳು, ಅಧ್ಯಕ್ಷರು ಬಂದಿದ್ದರು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಎಲ್ಲರೂ ನಿವೃತ್ತ ಹೆಡ್ಮಾಸ್ತರರ ಹಾಗೆಯೇ ಕಂಡರು: ಬಿ.ಪಿ., ಮೊಮ್ಮಕ್ಕಳು, ಕಣ್ಣಿನ ಪೊರೆ. ಅವರ ಮಾತಿಗೆ ಕಿವಿಗೊಟ್ಟರೆ ನಡುನಡುವೆ ಯಾವುದೋ ಜೈಲು, ಯಾವುದೋ ಗಡಿ, ಇನ್ನೂ ಬಿಡದ ಯಾರದೋ ಹೆಸರು ಬರುತ್ತಿತ್ತು.

ನನ್ನ ಸರದಿ ಬಂತು. ಮೊದಲ ಎರಡು ವಾಕ್ಯ ಕನ್ನಡದಲ್ಲೇ ಹೇಳಿದೆ, ಧೈರ್ಯಕ್ಕೆ. ಆಮೇಲೆ ಇಂಗ್ಲಿಷಿನಲ್ಲಿ, ಇಕ್ಬಾಲರು ಮನೆಗೆ ಬಂದ ದಿನ ಮಗ ಬಾಗಿಲ ಹಿಂದೆ ಅವಿತುಕೊಂಡದ್ದು, ಅವರು ಒಂದು ವಾರ ಚಪ್ಪಲಿ ಬಿಚ್ಚದೆ ಮಲಗಿದ್ದು ಹೇಳಿ, ಕೈ ಮುಗಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಗ ಪತ್ರಕರ್ತೆಯೊಬ್ಬಳು ಕೈಯೆತ್ತಿ ಕೇಳಿದಳು: “ನಿಮ್ಮ ಗಂಡನ ಜೊತೆಯವರೊಬ್ಬರು ಇನ್ನೂ ಅಲ್ಲೇ ಇದ್ದಾರಂತಲ್ಲ. ಅವರ ಬಗ್ಗೆ ಏನು ಹೇಳುತ್ತೀರಿ?”

ಗಿರಿಜಾ ನನ್ನಿಂದ ಬಯಸಿದ್ದು ಆ ಒಂದು ಕ್ಷಣವನ್ನೇ. ಮುಂದಿನ ಸಾಲಿನಲ್ಲಿ ಡಾನ್ ಅನ್ಸೆಲ್ಮೊ ನನ್ನ ಕಡೆ ನೋಡಲಿಲ್ಲ. ನನ್ನ ಮೇಲೆ ಒತ್ತಾಯ ಬೀಳಬಾರದೆಂದು ಬೇಕೆಂದೇ ತಲೆ ತಗ್ಗಿಸಿದ್ದರು. “ನಾನು ಇವತ್ತು ಥ್ಯಾಂಕ್ಸ್ ಹೇಳಲು ಮಾತ್ರ ಬಂದಿದ್ದೇನೆ” ಎಂದೆ. ಆ ಪತ್ರಕರ್ತೆ ನನ್ನನ್ನು ನೋಡಿದ ರೀತಿ ಮರೆಯಲಾರೆ. ತನ್ನ ಗಂಡ ಬಂದರೆ ಸಾಕೆನ್ನುವ ಹೆಂಗಸನ್ನು ಯಾರಾದರೂ ಹಾಗೆಯೇ ನೋಡುತ್ತಾರೆ.

ವಿಮಾನ ಹತ್ತಿಸಲು ಬಂದಾಗ ಡಾನ್ ಅನ್ಸೆಲ್ಮೊ ನನ್ನ ಎರಡೂ ಕೈ ಹಿಡಿದುಕೊಂಡು, “ನಿನ್ನೆ ನೀವು ಮಾಡಿದ್ದು ನನ್ನ ಕೆಲಸ. ಬಹಳ ಸಲ ಅದು ಹಾಗೇ ಇರುತ್ತದೆ, ಬೈಸಿಕೊಂಡು ಸುಮ್ಮನಿರುವುದು” ಎಂದರು.

ಮೈಸೂರು

ಬೆಂಗಳೂರಿಗೆ ಹೋಗಿ ಗಿರಿಜಾಗೆ ಇದ್ದದ್ದನ್ನು ಹೇಳಿದೆ. ಅವರು ಕೂಗಾಡಲಿಲ್ಲ. “ನಿಮ್ಮ ಮನೆಯವರು ಬಂದಾಯ್ತಲ್ಲ ರಜಿಯಾ” ಎಂದು ಒಳಗೆ ಹೋದರು. ಎರಡು ತಿಂಗಳು ನನ್ನ ಕಾಗದಗಳಿಗೆ ಉತ್ತರ ಬರಲಿಲ್ಲ.

ಇಕ್ಬಾಲರಿಗೂ ಹೇಳಿದೆ, ಡಾನ್ ಅನ್ಸೆಲ್ಮೊ ನನಗೆಲ್ಲ ಹೇಳಿದ್ದಾರೆಂದು. ಈ ಸಲ ಎದ್ದು ಹೋಗಲಿಲ್ಲ. “ನಾನಿರ್ತೀನಿ ಅನ್ನೋ ಮಾತು ನಾಲಿಗೆ ತುದೀಲಿತ್ತು. ಬರಲಿಲ್ಲ” ಎಂದರು.

ಮೂರನೆಯ ತಿಂಗಳು ಒಂದು ಮಧ್ಯಾಹ್ನ ಗಿರಿಜಾ ನಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದರು. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ನನ್ನನ್ನು ತಬ್ಬಿಕೊಂಡರು. ಡಾನ್ ಅನ್ಸೆಲ್ಮೊ ಕಾಗದ ಕೊಡಲು ಹೋದವರು, ‘ಉತ್ತರ ತೆಗೆದುಕೊಂಡೇ ಹೋಗುತ್ತೇನೆ’ ಎಂದು ಹನ್ನೊಂದು ದಿನ ಅಲ್ಲೇ ಕೂತರಂತೆ. ಕೊನೆಗೆ ಮಂತ್ರಿ ಬೇಸತ್ತು, ಉತ್ತರವನ್ನು ಅವನೇ ಬಾಯಲ್ಲಿ ಹೇಳಲಿ ಎಂದು ವಾಸುದೇವರನ್ನು ಜೊತೆಗೆ ಕಳಿಸಿಬಿಟ್ಟನಂತೆ. ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ.

ಹದಿನೈದು ದಿನದ ಮೇಲೆ ವಾಸುದೇವ ನಮ್ಮ ಮನೆಗೆ ಬಂದರು. ಬಹಳ ಸೊರಗಿದ್ದರು. ಇಕ್ಬಾಲರು ಬಾಗಿಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು.

“ವಾಸು, ಆ ದಿನ ನಾನು...” ಎಂದು ಶುರು ಮಾಡಿದರು.

“ಆ ದಿನ ನೀವು ಬಾಯಿ ತೆಗೆದಿದ್ರೆ ನಾನು ಕೂತುಬಿಡ್ತಿದ್ದೆ ಸಾರ್” ಎಂದರು ವಾಸುದೇವ. “ಒಂದು ಸಲ ಕೂತಿದ್ರೆ ಮತ್ತೆ ಏಳೋ ಧೈರ್ಯ ನನಗೆ ಬರ್ತಿರಲಿಲ್ಲ.”

ಇಕ್ಬಾಲರು ಅವರ ಹೆಗಲಿನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಬಂದರು. ಅಂದು ಊಟಕ್ಕೆ ಕೂತಾಗ ಯಜಮಾನರು ಬಂದರಿನ ಜೈಲಿನ ಬಗ್ಗೆ ಮೊದಲ ಸಲ ಬಾಯಿಬಿಟ್ಟರು. ಇಬ್ಬರೂ ಸೇರಿ ಅಲ್ಲಿನ ಅಡಿಗೆಯವನನ್ನು ಆಡಿಕೊಂಡು ನಗುತ್ತಿದ್ದರೆ, ಮಗ ತನ್ನ ತಟ್ಟೆ ಎತ್ತಿಕೊಂಡು ಬಂದು ಅಪ್ಪನ ಮಗ್ಗುಲಿಗೆ ಕೂತ.